ಮಹಾಪಧಮನಿ ಛಿದ್ರದ ಹೈಬ್ರಿಡ್ ಚಿಕಿತ್ಸೆ

ಮಹಾಪಧಮನಿ ಛಿದ್ರದ ಹೈಬ್ರಿಡ್ ಚಿಕಿತ್ಸೆಯು ಒಡೆದ ಮಹಾಪಧಮನಿಯನ್ನು ತೆರೆದ ಶಸ್ತ್ರಚಿಕಿತ್ಸೆ ಮತ್ತು ರಕ್ತನಾಳದ ಒಳಗಿನಿಂದ ಮಾಡುವ ಚಿಕಿತ್ಸೆ ಇವೆರಡನ್ನೂ ಬಳಸಿ ಸರಿಪಡಿಸುವ ವಿಧಾನವಾಗಿದೆ. ಎಡ ಹೃತ್ಕುಕ್ಷಿಯಿಂದ ಹೊರಟು ಎದೆ ಮತ್ತು ಹೊಟ್ಟೆಯ ಮೂಲಕ ಸಾಗುವ ಮಹಾಪಧಮನಿಯು ದೇಹದ ಅತಿ ದೊಡ್ಡ ಅಪಧಮನಿ. ಅದು ಒಡೆದಾಗ ಉಂಟಾಗುವ ಆಂತರಿಕ ರಕ್ತಸ್ರಾವದಿಂದ ಅನೇಕರು ಆಸ್ಪತ್ರೆ ತಲುಪುವ ಮೊದಲೇ ಮರಣ ಹೊಂದುತ್ತಾರೆ.

ಕಾರಣಗಳು ಮತ್ತು ಲಕ್ಷಣಗಳು

ರಕ್ತನಾಳದ ಗೋಡೆ ತೆಳುವಾಗಿ ಉಬ್ಬುವ ಅನ್ಯೂರಿಸಮ್, ಗೋಡೆಯ ಪದರಗಳು ಸೀಳುವುದು ಹಾಗೂ ವಾಹನ ಅಪಘಾತದಲ್ಲಿ ಎದೆಗೆ ಬೀಳುವ ಪೆಟ್ಟು ಇದರ ಮುಖ್ಯ ಕಾರಣಗಳು. ಧೂಮಪಾನ, ಅಧಿಕ ರಕ್ತದೊತ್ತಡ ಮತ್ತು ಮಾರ್ಫಾನ್ ಸಿಂಡ್ರೋಮ್‌ನಂತಹ ಆನುವಂಶಿಕ ಕಾಯಿಲೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಹಠಾತ್ತನೆ ತೀವ್ರ ನೋವು, ಬೆವರುವಿಕೆ ಮತ್ತು ಪ್ರಜ್ಞೆ ತಪ್ಪುವುದು ಪ್ರಮುಖ ಲಕ್ಷಣಗಳು. ಸಿ.ಟಿ. ಆಂಜಿಯೋಗ್ರಾಮ್ ಮೂಲಕ ರೋಗವನ್ನು ಖಚಿತಪಡಿಸಲಾಗುತ್ತದೆ.

ವಿಧಾನ

ತೊಡೆಸಂದಿಯ ಅಪಧಮನಿಯ ಮೂಲಕ ಸ್ಟೆಂಟ್ ಗ್ರಾಫ್ಟ್ ಅನ್ನು, ಅಂದರೆ ಲೋಹದ ಜಾಲರಿಗೆ ಕೃತಕ ಬಟ್ಟೆ ಹೊದಿಸಿದ ಕೊಳವೆಯನ್ನು, ಒಡೆದ ಭಾಗದವರೆಗೆ ಸಾಗಿಸಿ ಅಲ್ಲಿ ಬಿಡಿಸಲಾಗುತ್ತದೆ. ರಕ್ತವು ಕೊಳವೆಯೊಳಗೆ ಹರಿಯುವುದರಿಂದ ಸೋರಿಕೆ ನಿಲ್ಲುತ್ತದೆ. ಆದರೆ ಮಿದುಳು, ಕೈ, ಕರುಳು ಅಥವಾ ಮೂತ್ರಪಿಂಡಗಳಿಗೆ ಹೋಗುವ ಶಾಖೆಗಳು ಛಿದ್ರದ ಸಮೀಪದಲ್ಲಿದ್ದರೆ ಕೊಳವೆಯು ಅವುಗಳ ಬಾಯಿಯನ್ನೂ ಮುಚ್ಚಿಬಿಡುತ್ತದೆ. ಇದನ್ನು ತಪ್ಪಿಸಲು ತೆರೆದ ಶಸ್ತ್ರಚಿಕಿತ್ಸೆಯ ಮೂಲಕ ಆ ಶಾಖೆಗಳಿಗೆ ಬೈಪಾಸ್ ಮಾರ್ಗ ಕಲ್ಪಿಸಲಾಗುತ್ತದೆ. ಉದಾಹರಣೆಗೆ, ಎಡಗೈಗೆ ಹೋಗುವ ಶಾಖೆಯನ್ನು ಕುತ್ತಿಗೆಯ ಅಪಧಮನಿಗೆ ಜೋಡಿಸಲಾಗುತ್ತದೆ.

ಇತಿಹಾಸ

1951ರಲ್ಲಿ ಪ್ಯಾರಿಸ್‌ನ ಷಾರ್ಲ್ ದ್ಯುಬೊ ಹೊಟ್ಟೆಯ ಮಹಾಪಧಮನಿಯ ಅನ್ಯೂರಿಸಮ್ ತೆಗೆದು ಬದಲಿ ನಾಳ ಜೋಡಿಸಿದರು. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊಡೊಸ್ ಎದೆಯ ಭಾಗದಲ್ಲಿ, 1990ರಲ್ಲಿ ಬ್ಯೂನಸ್ ಐರಿಸ್‌ನ ಹ್ವಾನ್ ಪರೋಡಿ ಹೊಟ್ಟೆಯ ಭಾಗದಲ್ಲಿ ಸ್ಟೆಂಟ್ ಗ್ರಾಫ್ಟ್ ಅಳವಡಿಸಿದರು.

ತೊಡಕುಗಳು

ಪಾರ್ಶ್ವವಾಯು, ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳು ಸ್ವಾಧೀನ ತಪ್ಪುವುದು, ಮೂತ್ರಪಿಂಡ ವೈಫಲ್ಯ ಮತ್ತು ಕೊಳವೆಯ ಅಂಚಿನಿಂದ ರಕ್ತ ಸೋರುವುದು ಸಂಭವನೀಯ ತೊಡಕುಗಳು. ಆದ್ದರಿಂದ ಜೀವನಪರ್ಯಂತ ನಿಯಮಿತ ತಪಾಸಣೆ ಅಗತ್ಯ.

ಮಂಡ್ಯ ಜಿಲ್ಲೆಯಲ್ಲಿ ತುರ್ತು ಆರೈಕೆ

ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಮೈಸೂರಿಗೆ ಸಮೀಪದಲ್ಲಿದ್ದರೆ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಹೆಚ್ಚು ದೂರದಲ್ಲಿವೆ. ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಆಸ್ಪತ್ರೆಗಳು ಮೈಸೂರು ಮತ್ತು ಬೆಂಗಳೂರಿನಲ್ಲಿವೆ. ಮಂಡ್ಯ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ.

ಮೊದಲ ಆಸ್ಪತ್ರೆಯಲ್ಲಿ ರೋಗವನ್ನು ಸರಿಯಾಗಿ ಗುರುತಿಸುವುದು ನಿರ್ಣಾಯಕ. ಮಹಾಪಧಮನಿಯ ನೋವು ಹೃದಯಾಘಾತದಂತೆಯೇ ತೋರಬಹುದು. ಹೃದಯಾಘಾತದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸಲು ನೀಡುವ ಚುಚ್ಚುಮದ್ದು ಜೀವ ಉಳಿಸುತ್ತದೆ; ಮಹಾಪಧಮನಿ ಛಿದ್ರದಲ್ಲಿ ಅದೇ ಔಷಧಿ ರಕ್ತಸ್ರಾವವನ್ನು ಹೆಚ್ಚಿಸಿ ಮಾರಕವಾಗಬಹುದು. ಹೀಗಾಗಿ ಛಿದ್ರದ ಶಂಕೆ ಇದ್ದಲ್ಲಿ ಆ ಚುಚ್ಚುಮದ್ದನ್ನು ನೀಡದೆ, ಮುಂದಿನ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, 108 ಆಂಬುಲೆನ್ಸ್‌ನಂತಹ ವ್ಯವಸ್ಥೆಯ ಮೂಲಕ ರೋಗಿಯನ್ನು ತಡವಿಲ್ಲದೆ ಸಾಗಿಸಬೇಕಾಗುತ್ತದೆ.