ದನಿಯನ್ನು ಹಿಡಿದಿಡುವ ಪೆಟ್ಟಿಗೆ

ಕಂಪ್ಲಿಯ ಕುಮಾರರಾಮನ ಕಥೆ ಎರಡು ದಾರಿಗಳಿಂದ ನಮ್ಮವರೆಗೆ ಬಂದಿದೆ. 1327ರ ಸುಮಾರಿಗೆ ದೆಹಲಿಯ ಸುಲ್ತಾನನ ದಂಡಿನೆದುರು ಕಂಪಿಲ ರಾಜ್ಯ ಅಳಿಯಿತು. ಅದರ ವೀರನನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯಕ್ಕಿಳಿಸಿದನು. ಇದು ಓಲೆಯ ದಾರಿ. ತಂಬೂರಿ ಮೀಟುತ್ತ ಊರೂರು ಅಲೆದ ಬುಡ್ಗ ಜಂಗಮರದು ಬಾಯಿಯ ದಾರಿ. ಓಲೆ ಉಳಿಸಿದ್ದು ಮಾತನ್ನು ಮಾತ್ರ. ಸಾಂಗತ್ಯವು ಹಾಡುವ ಮಟ್ಟೇ ಆದರೂ ನಂಜುಂಡನ ಕಾಲದವರು ಅದನ್ನು ಯಾವ ಧಾಟಿಯಲ್ಲಿ ಹಾಡಿದರೆಂದು ಇಂದು ಬಲ್ಲವರಾರು? ಹಂಪೆಯ ಪುರಂದರ ಮಂಟಪದಲ್ಲಿ ಕುಳಿತಾಗಲೂ ಇದೇ ಕೊರಗು: ದಾಸರ ಪದಗಳಿವೆ, ದಾಸರ ದನಿಯಿಲ್ಲ.

ದನಿಯನ್ನು ಹಿಡಿಯುವ ವಿದ್ಯೆ 1877ರಲ್ಲಿ ಎಡಿಸನ್ನನ ಫೋನೋಗ್ರಾಫಿನಿಂದ ಕೈಗೆ ಬಂದಿತು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡನ್ನು ತಟ್ಟೆಗಿಳಿಸಿದರು. ಆದರೆ ಆ ತಟ್ಟೆಯಲ್ಲಿ ಸುಮಾರು ಮೂರು ನಿಮಿಷಕ್ಕಷ್ಟೇ ಎಡೆ. ರಾಗವು ಗಡಿಯಾರಕ್ಕೆ ತಲೆಬಾಗಬೇಕಾಯಿತು. ಇರುಳಿಡೀ ನಡೆಯುವ ಬುರ್ರಕಥೆಗೆ ಅಲ್ಲೆಲ್ಲಿಯ ಸ್ಥಳ? ಟೇಪು ಬಂದಮೇಲೆ ಕಾಲವೇನೋ ಹಿಗ್ಗಿತು. ಆದರೆ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ದನಿ ಮಸುಕಾಯಿತು.

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರು ಅಕ್ಷರ ಕಲಿತವರಲ್ಲ. ಕುಮಾರರಾಮ, ಬಾಲನಾಗಮ್ಮ ಮೊದಲಾದ ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರ ಕಾವ್ಯವನ್ನು ಅಚ್ಚು ಹಾಕಿಸಿತು, ನಾಡೋಜ ಗೌರವವನ್ನಿತ್ತಿತು. 2014ರಲ್ಲಿ ಅವರು ತೀರಿಕೊಂಡರು. ಪುಸ್ತಕ ಕಪಾಟಿನಲ್ಲಿದೆ. ಆದರೆ ಕಥೆ ಹೇಳುವಾಕೆ ತಂತಿ ಮೀಟಿ, ಒಂದು ಗಳಿಗೆ ತಡೆದು, ಮತ್ತೆ ದನಿಯೆತ್ತುವ ಆ ಬಗೆಯನ್ನು ಯಾವ ಅಚ್ಚಿನ ಮೊಳೆ ಹಿಡಿದೀತು?

ಹಿಡಿಯಬಲ್ಲ ಸಾಧನವೀಗ ಮನೆಗೇ ಬಂದಿದೆ. ಆಡಿಯೋ ಇಂಟರ್‌ಫೇಸ್ ಎಂಬ ಪುಸ್ತಕದ ಗಾತ್ರದ ಪೆಟ್ಟಿಗೆಯು ಮೈಕಿನ ಕ್ಷೀಣ ವಿದ್ಯುತ್ತನ್ನು ಬಲಪಡಿಸಿ, ಸೆಕೆಂಡಿಗೆ 48,000 ಸಲ ಅಳೆದು, ಅಂಕಿಗಳನ್ನಾಗಿಸಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಅಂಕಿಗೆ ಎಷ್ಟು ಪ್ರತಿ ತೆಗೆದರೂ ಮಸುಕಿಲ್ಲ. ಇದನ್ನು ಕೊಳ್ಳಹೊರಟ ವಿದ್ಯಾರ್ಥಿಗಳು “ಸರ್, 1,92,000 ಸಲ ಅಳೆಯುವುದನ್ನೇ ತರೋಣವೇ?” ಎಂದು ಕೇಳುವುದುಂಟು. ನನ್ನ ಪ್ರಶ್ನೆ ಬೇರೆ: ಹಾಡುವವರು ಎಷ್ಟು ಮಂದಿ?

ಬುರ್ರಕಥೆಯಲ್ಲಿ ಮುಂದಿನವರು ತಂಬೂರಿ ಮೀಟುತ್ತ ಕಥೆ ಹೇಳಿದರೆ, ಇಬ್ಬರು ಹಿಮ್ಮೇಳದವರು ಗುಮ್ಮಟೆ ಬಾರಿಸುತ್ತ ದನಿಗೂಡಿಸುತ್ತಾರೆ. ಎರಡು ಮೈಕು ಹಿಡಿಯುವ ಪೆಟ್ಟಿಗೆ ಒಬ್ಬ ಗಮಕಿಗೆ ಸಾಕು. ಈ ಮೇಳಕ್ಕೆ ನಾಲ್ಕಾದರೂ ಬೇಕು. ಬೇರೆಬೇರೆಯಾಗಿ ಹಿಡಿದ ದನಿಗಳನ್ನು ಆಮೇಲೆ ಹದವಾಗಿ ಕೂಡಿಸಬಹುದು. ಒಂದರಲ್ಲೇ ಬೆರೆತುಹೋದ ಮಾತನ್ನೂ ಗುಮ್ಮಟೆಯನ್ನೂ ಬಿಡಿಸುವುದು ಕಷ್ಟ. ಕಂಡೆನ್ಸರ್ ಮೈಕಾದರೆ ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಪೆಟ್ಟಿಗೆಯೇ ಕೊಡುವಂತಿರಬೇಕು. ಇಷ್ಟಿದ್ದರೆ, ಮಿಕ್ಕ ಹಣ ಒಳ್ಳೆಯ ಮೈಕಿಗೂ ಗೋಡೆಗೆ ತೂಗುಹಾಕುವ ಕಂಬಳಿಗೂ ಸಲ್ಲಲಿ. ಹೊಸಪೇಟೆಯ ಬೇಸಗೆಯಲ್ಲಿ ಫ್ಯಾನು ನಿಲ್ಲಿಸಿ ಕೂರುವ ತಾಳ್ಮೆಯಂತೂ ಅಂಗಡಿಯಲ್ಲಿ ಸಿಗದು!

ತಟ್ಟೆಯ ಕಾಲದಲ್ಲಿ ಹಾಡು ಯಂತ್ರಕ್ಕಾಗಿ ಮೈ ಕುಗ್ಗಿಸಿತು. ಹಾಡಿಗೆ ತಕ್ಕ ಯಂತ್ರವನ್ನು ಆರಿಸುವ ಭಾಗ್ಯ ನಮ್ಮದು. ಆದರೆ ಆರಿಸುತ್ತಲೇ ಕುಳಿತರಾಗದು. ಪೆಟ್ಟಿಗೆ ಬರುವ ವರ್ಷವೂ ಅಂಗಡಿಯಲ್ಲಿದ್ದೀತು. ಹಾಡುವ ಅಜ್ಜಿ ಇರುವರೆಂಬ ಭರವಸೆಯೇನು?