ಹೋಗುವ ಹೊತ್ತು ಯಾವುದು?

1992ನೇ ಇಸವಿ ಹಿಂದೂಸ್ತಾನಿ ಸಂಗೀತದ ಪಾಲಿಗೆ ಕೆಟ್ಟ ವರ್ಷ. ಜನವರಿ 12ರಂದು ಮಧ್ಯಪ್ರದೇಶದ ದೇವಾಸದಲ್ಲಿ ಕುಮಾರ ಗಂಧರ್ವರು ಕಣ್ಮುಚ್ಚಿದರು. ಸರಿಯಾಗಿ ಎಂಟು ತಿಂಗಳ ನಂತರ, ಸೆಪ್ಟೆಂಬರ್ 12ರಂದು, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು ತೀರಿಕೊಂಡರು. ಒಬ್ಬರು ಬೆಳಗಾವಿ ಬಳಿಯ ಸುಳೇಭಾವಿಯವರು, ಇನ್ನೊಬ್ಬರು ಧಾರವಾಡದ ಪಕ್ಕದ ಮನಸೂರಿನವರು. ಕುಮಾರರಿಗೆ ಆಗ 67 ವರ್ಷ, ಮನಸೂರರಿಗೆ 81.

ಸಂಗೀತಗಾರರು ತೀರಿಕೊಂಡಾಗ ರಸಿಕರ ನಡುವೆ ಎರಡು ಮಾತು ಕೇಳಿಬರುತ್ತವೆ. ‘ಇನ್ನೂ ಹತ್ತು ವರ್ಷ ಇರಬೇಕಿತ್ತು’ ಎಂಬುದು ಒಂದು. ‘ಧ್ವನಿ ಇರುವಾಗಲೇ ಹೋದರು, ಪುಣ್ಯವಂತರು’ ಎಂಬುದು ಇನ್ನೊಂದು. ಎರಡು ಮಾತಿನ ಹಿಂದೆಯೂ ಇರುವುದು ಒಂದೇ ನಂಬಿಕೆ: ಕಲಾವಿದನ ಬದುಕಿಗೆ ಸಾವು ಬರಲು ಸರಿಯಾದ ಹೊತ್ತು ಎಂಬುದೊಂದಿದೆ. ಈ ನಂಬಿಕೆ ಎಷ್ಟು ಸರಿ? ಕಳೆದ ಶತಮಾನದ ಕೆಲವು ಗಾಯಕರ ಬದುಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ.

ಒಂದೇ ವಯಸ್ಸಿನ ಇಬ್ಬರು

ವಿಷ್ಣು ದಿಗಂಬರ ಪಲುಸ್ಕರರ ಮಗ ಡಿ.ವಿ. ಪಲುಸ್ಕರ್ ಹುಟ್ಟಿದ್ದು 1921ರಲ್ಲಿ. ಹತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಹುಡುಗ ವಿನಾಯಕರಾವ್ ಪಟವರ್ಧನರ ಬಳಿ ಕಲಿತು, ಮೂವತ್ತು ತುಂಬುವ ಮೊದಲೇ ಗ್ವಾಲಿಯರ್ ಘರಾಣೆಯ ಮುಂಚೂಣಿಗೆ ಬಂದ. 1952ರ ‘ಬೈಜು ಬಾವ್ರಾ’ ಚಿತ್ರದಲ್ಲಿ ಅಮೀರ್ ಖಾನ್ ಅವರೊಂದಿಗೆ ಹಾಡಿದಾಗ ಇಡೀ ದೇಶ ಆ ಕಂಠವನ್ನು ಕೇಳಿತು. ಮೂರೇ ವರ್ಷಗಳಲ್ಲಿ, 1955ರ ಅಕ್ಟೋಬರ್‌ನಲ್ಲಿ, ಮಿದುಳಿನ ಉರಿಯೂತದಿಂದ ಅವರು ತೀರಿಕೊಂಡರು. ವಯಸ್ಸು 34.

ಪಲುಸ್ಕರರಿಗಿಂತ ಒಂದೇ ವರ್ಷ ಚಿಕ್ಕವರು ಗದಗಿನ ಭೀಮಸೇನ ಜೋಶಿ. 1955ರಲ್ಲಿ ಇಬ್ಬರನ್ನೂ ಎದುರಿಗೆ ಕೂರಿಸಿ ಯಾರ ಹೆಸರು ಉಳಿಯುತ್ತದೆ ಎಂದು ಕೇಳಿದ್ದರೆ, ಪಲುಸ್ಕರರ ಕಡೆ ಕೈ ತೋರಿಸುವವರಿಗೆ ಕೊರತೆ ಇರುತ್ತಿರಲಿಲ್ಲ. ಆದರೆ ಭೀಮಸೇನರ ಮುಂದೆ ಇನ್ನೂ ಐದು ದಶಕಗಳ ಹಾಡುಗಾರಿಕೆ ಇತ್ತು. 1988ರಲ್ಲಿ ‘ಮಿಲೆ ಸುರ್ ಮೇರಾ ತುಮ್ಹಾರಾ’ ದೂರದರ್ಶನದಲ್ಲಿ ಬಂದಾಗ ಅವರಿಗೆ 66 ವರ್ಷ. 2008ರಲ್ಲಿ ಭಾರತರತ್ನ ಬಂತು. 2011ರ ಜನವರಿಯಲ್ಲಿ, 89ಕ್ಕೆ ಕೆಲವೇ ದಿನಗಳಿರುವಾಗ ಅವರು ತೀರಿಕೊಂಡರು. ಅವರೂ 34ಕ್ಕೇ ಹೋಗಿದ್ದರೆ ‘ಒಳ್ಳೆಯ ಭರವಸೆಯ ಗಾಯಕ’ ಎಂಬಷ್ಟೇ ಮಾತು ಉಳಿಯುತ್ತಿತ್ತೇನೋ.

ಪಲುಸ್ಕರರು ಎಳೆಯ ವಯಸ್ಸಿನಲ್ಲೇ ಪರಿಪೂರ್ಣರಾಗಿದ್ದರು, ಆದ್ದರಿಂದ ಅವರ ಗಾಯನ ಎಂದೂ ಮಾಸಲಿಲ್ಲ ಎನ್ನುವವರಿದ್ದಾರೆ. ಇದು ಸಮಾಧಾನದ ಮಾತು, ಇತಿಹಾಸದ ಮಾತಲ್ಲ. ಖ್ಯಾಲ್ ಗಾಯಕಿ ಹಣ್ಣಾಗುವುದು ತಡವಾಗಿ. ಅವರ ಜೊತೆ ಅದೇ ಚಿತ್ರಕ್ಕೆ ಹಾಡಿದ ಅಮೀರ್ ಖಾನರನ್ನೇ ನೋಡಿ. ಅವರ ವಿಲಂಬಿತ ಗಾಯನದ ಗುರುತಾಗಿ ನಿಂತ ಮಾರವಾ ಮತ್ತು ದರ್ಬಾರಿ ರಾಗಗಳ ದೊಡ್ಡ ಧ್ವನಿಮುದ್ರಿಕೆ ಬಂದದ್ದು 1960ರಲ್ಲಿ, ಅಂದರೆ ಪಲುಸ್ಕರರು ಹೋಗಿ ಐದು ವರ್ಷದ ಮೇಲೆ. ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಸಂಗೀತ ಮಾತ್ರ.

ಎರಡನೆಯ ಜನ್ಮ

ಕುಮಾರ ಗಂಧರ್ವರ ಕತೆ ಇನ್ನೂ ವಿಚಿತ್ರ. ಹತ್ತು ಹನ್ನೆರಡರ ಪ್ರಾಯದಲ್ಲೇ ದೊಡ್ಡ ದೊಡ್ಡ ಉಸ್ತಾದರ ಹಾಡುಗಾರಿಕೆಯನ್ನು ಯಥಾವತ್ತಾಗಿ ಒಪ್ಪಿಸಿ ಮುಂಬಯಿಯ ರಸಿಕರನ್ನು ಬೆರಗುಗೊಳಿಸಿದ ಶಿವಪುತ್ರ ಕೊಂಕಾಳಿಮಠ, 1940ರ ದಶಕದ ಕೊನೆಗೆ ಕ್ಷಯರೋಗಕ್ಕೆ ತುತ್ತಾದರು. ಒಣಹವೆಗಾಗಿ ದೇವಾಸಕ್ಕೆ ಬಂದು ವರ್ಷಗಟ್ಟಲೆ ಹಾಸಿಗೆ ಹಿಡಿದರು. ಹಾಡಲೇಬಾರದು ಎಂಬುದು ವೈದ್ಯರ ಕಟ್ಟಪ್ಪಣೆ.

ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಆ ಹೊತ್ತಿಗೆ ಕೈಗೆ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು? ‘ಅದ್ಭುತ ಬಾಲಕ, ಅಲ್ಪಾಯುಷಿ’ ಎಂದು ಒಂದು ಸಾಲು ಬರೆದು ಚರಿತ್ರೆ ಮುಂದೆ ಹೋಗುತ್ತಿತ್ತು. ಒಂದು ಶ್ವಾಸಕೋಶದ ಬಲವನ್ನೇ ಕಳೆದುಕೊಂಡು 1953ರ ಹೊತ್ತಿಗೆ ಮತ್ತೆ ವೇದಿಕೆಗೆ ಬಂದ ಕುಮಾರರು ಬೇರೆಯೇ ಗಾಯಕರಾಗಿದ್ದರು. ಮಲಗಿದ್ದಾಗ ಕಿವಿಗೆ ಬಿದ್ದ ಮಾಳ್ವದ ಜನಪದ ಹಾಡುಗಳು, ಕಬೀರನ ನಿರ್ಗುಣ ಭಜನೆಗಳು, ಹೊಸ ರಾಗಗಳು, ಚಿಕ್ಕ ಚಿಕ್ಕ ಉಸಿರಿನ ಮಿಂಚಿನಂಥ ಸ್ವರಸಮೂಹಗಳು ಎಲ್ಲವೂ ಆಮೇಲೆ ಬಂದವು. ಇಂದು ಕುಮಾರ ಗಂಧರ್ವ ಎಂದರೆ ನೆನಪಾಗುವುದೆಲ್ಲ ಈ ಎರಡನೆಯ ಜನ್ಮದ್ದು.

ಮನಸೂರರದು ಹಾಗಲ್ಲ, ಅವರದು ಕಾಯುವಿಕೆಯ ಬದುಕು. ಮೊದಲು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಶಿಕ್ಷಣ. ನಂತರ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಬಳಿ ಜಯಪುರ ಘರಾಣೆಯ ತಾಲೀಮು. ಅದೂ 1937ರಲ್ಲಿ ಗುರುವಿನ ಅಕಾಲ ಮರಣದಿಂದ ನಡುವೆಯೇ ನಿಂತಿತು. ಆಮೇಲೆ ಮಂಜಿ ಖಾನರ ತಮ್ಮ ಭುರ್ಜಿ ಖಾನರು ಕೈಹಿಡಿದರು. ರಾಷ್ಟ್ರಮಟ್ಟದ ದೊಡ್ಡ ಮನ್ನಣೆ ಪದ್ಮಶ್ರೀಯ ರೂಪದಲ್ಲಿ ಬಂದಾಗ 1970 ಆಗಿತ್ತು. ಅವರಿಗೆ ಅರುವತ್ತು ಸಮೀಪಿಸಿತ್ತು. ಅಪರೂಪದ ರಾಗಗಳ ಮನಸೂರರನ್ನು ದೇಶ ಮನಸಾರೆ ಕೇಳಿದ್ದು ಅವರ ಎಪ್ಪತ್ತರ ಪ್ರಾಯದಲ್ಲಿ. ಪದ್ಮವಿಭೂಷಣ ಬಂದದ್ದು ಅವರು ತೀರಿಕೊಂಡ ವರ್ಷವೇ.

ಗಂಗೂಬಾಯಿ ಹಾನಗಲ್ಲರ ಉದಾಹರಣೆಯೂ ಇಲ್ಲಿ ಹೇಳಬೇಕಾದದ್ದೇ. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಧ್ವನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಧ್ವನಿ ದಪ್ಪವಾಯಿತು. ಹಾಡು ಮುಗಿಯಿತು ಎನ್ನಬಹುದಾಗಿದ್ದ ಆ ಘಟನೆಯಿಂದಲೇ ಜಗತ್ತು ಗುರುತಿಸುವ ಗಂಗೂಬಾಯಿ ಹುಟ್ಟಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ಮೌನದ ವರ್ಷಗಳು

ಹಾಗಾದರೆ ಧ್ವನಿ ಹೋದ ಮೇಲೆ ಬದುಕಿದವರ ಪಾಡೇನು? ಕುಂದಗೋಳದ ಸವಾಯಿ ಗಂಧರ್ವರಿಗೆ 1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಕಚೇರಿಗಳ ಕಾಲ ಅಲ್ಲಿಗೆ ಮುಗಿಯಿತು. 1952ರ ಸೆಪ್ಟೆಂಬರ್ 12ರವರೆಗೆ ಅವರು ಬದುಕಿದ್ದರು. ‘ಸರಿಯಾದ ಹೊತ್ತು’ ಎಂಬ ಲೆಕ್ಕದಲ್ಲಿ ಈ ಹತ್ತು ವರ್ಷಗಳು ವ್ಯರ್ಥ. ಆದರೆ ಗಂಗೂಬಾಯಿ, ಭೀಮಸೇನ, ಫಿರೋಜ್ ದಸ್ತೂರ್ ಅವರಂಥ ಶಿಷ್ಯರ ಕಂಠದಲ್ಲಿ ಅವರ ಗಾಯನ ಕೇಳಿಸುತ್ತಲೇ ಇತ್ತು. 1953ರಲ್ಲಿ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಅದು ದೇಶದ ದೊಡ್ಡ ಉತ್ಸವಗಳಲ್ಲೊಂದಾಗಿ ಬೆಳೆಯಿತು.

ಇದಕ್ಕೆ ತದ್ವಿರುದ್ಧವಾದದ್ದು ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದ ಭಾಸ್ಕರಬುವಾ ಬಖಲೆ ಅವರದು. 1922ರಲ್ಲಿ, 52ರ ವಯಸ್ಸಿನಲ್ಲಿ, ಹಾಡುಗಾರಿಕೆಯ ಎತ್ತರದಲ್ಲೇ ಹೋದರು. ರಸಿಕರ ಮಾತಿನಂತೆ ‘ಧ್ವನಿ ಇರುವಾಗಲೇ’. ಆದರೆ ಅವರ ಧ್ವನಿಮುದ್ರಣ ಒಂದೂ ಉಳಿದಿಲ್ಲ. ಆ ಎತ್ತರ ಎಷ್ಟಿತ್ತೆಂದು ಇಂದು ಯಾರೂ ಕೇಳಲಾರರು. ಕೇಳಿದವರು ಬರೆದಿಟ್ಟದ್ದನ್ನು ಓದಬಹುದು, ಅಷ್ಟೆ.

ಸಾವಿನ ಹೊತ್ತು ಸರಿಯಾಗಿತ್ತು ಎಂಬ ಮಾತು ಯಾವಾಗಲೂ ಹಿಂತಿರುಗಿ ನೋಡಿ ಆಡುವಂಥದ್ದು. ಆಗದೆ ಉಳಿದ ಸಂಗೀತವನ್ನು ಯಾರೂ ಕೇಳಿರುವುದಿಲ್ಲವಾದ್ದರಿಂದ, ಆದಷ್ಟೇ ಪೂರ್ಣ ಎಂದು ಅನ್ನಿಸಿಬಿಡುತ್ತದೆ. ಹಾಡು ನಿಂತ ಮುದಿ ಗಾಯಕರ ಬಗ್ಗೆ ಈ ಮಾತು ಕ್ರೂರವೂ ಹೌದು. ಅವರಲ್ಲಿ ಇನ್ನೂ ಎಷ್ಟು ಬಂದಿಶ್‌ಗಳಿವೆ, ಯಾವ ರಾಗದ ಯಾವ ನಡೆಯಿದೆ ಎಂದು ಕೇಳುವವರೇ ಇಲ್ಲವಾಗುತ್ತಾರೆ. ಹೋಗುವ ಹೊತ್ತು ಯಾರ ಕೈಯಲ್ಲೂ ಇಲ್ಲ. ಹೋಗುವ ಮೊದಲು ಕೇಳಿಸಿಕೊಳ್ಳುವುದು, ಕಲಿಯುವುದು, ಮುದ್ರಿಸಿಡುವುದು ಮಾತ್ರ ಉಳಿದವರ ಕೈಯಲ್ಲಿದೆ.