ಆಟದೊಳಗಣ ಲೋಕ
(ಒಂದು ಜಪಾನೀ ಕಥಾಮಾಲೆಯ ಪೂರ್ವೋತ್ತರ)

ಆಟವು ಆಟವಾಗಿಯೇ ನಿಲ್ಲುವುದಿಲ್ಲವೆಂಬ ಮಾತಿಗೆ ನಾಡವರು ಪರದೇಶದಿಂದ ಸಾಕ್ಷಿಯನ್ನು ತರಿಸಬೇಕಾಗಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಉರುಳಿದ್ದು ಕೇವಲ ದಾಳಗಳು. ಆದರೆ ಅವುಗಳ ದೆಸೆಯಿಂದ ಕೈಬಿಟ್ಟ ರಾಜ್ಯವೂ, ಪಾಂಚಾಲಿಗೊದಗಿದ ಅಪಮಾನವೂ, ಕಡೆಗೆ ಕುರುಕ್ಷೇತ್ರದಲ್ಲಿ ಬಿದ್ದ ಹದಿನೆಂಟು ಅಕ್ಷೌಹಿಣಿಯೂ ಆಟದವುಗಳಾಗಿರಲಿಲ್ಲ. ಇಂದಿನ ತರುಣರು ಬಹು ಆಸಕ್ತಿಯಿಂದ ಓದುತ್ತಿರುವ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಜಪಾನೀ ಕಥಾಮಾಲೆಯು ಈ ಹಳೆಯ ಸಂಗತಿಯನ್ನೇ ಹೊಸ ಯಂತ್ರಗಳ ಸಹಾಯದಿಂದ ವಿಚಾರಮಾಡುತ್ತದೆ. ಇದನ್ನು ಹುಡುಗರ ಹುಚ್ಚೆಂದು ತಳ್ಳಿಹಾಕುವುದು ಹಿರಿಯರಿಗೆ ಸುಲಭವಾದ ಕೆಲಸ. ಆದರೆ ತಳ್ಳಿಹಾಕುವ ಮೊದಲು ಆ ಗ್ರಂಥವು ಎಲ್ಲಿಂದ ಬಂದಿತು, ಏನನ್ನು ಕೇಳುತ್ತದೆ ಎಂಬುದನ್ನು ಅರಿಯುವುದು ನ್ಯಾಯ.

ಯಂತ್ರದಿಂದ ಇಂದ್ರಿಯಗಳನ್ನು ವಂಚಿಸಿ ಇಲ್ಲದ ಲೋಕವೊಂದನ್ನು ಕಾಣಿಸುವ ಕಲ್ಪನೆಯು ತೀರ ಇತ್ತೀಚಿನದಲ್ಲ. ೧೯೩೫ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕದ ‘ವಂಡರ್ ಸ್ಟೋರೀಸ್’ ಪತ್ರಿಕೆಯಲ್ಲಿ ಸ್ಟ್ಯಾನ್ಲಿ ವೈನ್‌ಬಾಮ್ ಎಂಬಾತನು ‘ಪಿಗ್ಮೇಲಿಯನ್ನನ ಕನ್ನಡಕ’ ಎಂಬರ್ಥದ ಕಥೆಯೊಂದನ್ನು ಬರೆದನು. ಅದರಲ್ಲಿ ಒಬ್ಬ ಪಂಡಿತನು ನಿರ್ಮಿಸಿದ ಕನ್ನಡಕವನ್ನು ಧರಿಸಿದವನಿಗೆ ರೂಪ ಶಬ್ದಗಳು ಮಾತ್ರವಲ್ಲದೆ ರಸ ಗಂಧ ಸ್ಪರ್ಶಗಳೂ ಗೋಚರವಾಗುವುವು. ನೋಡುವವನು ಕಥೆಯ ಹೊರಗೆ ನಿಲ್ಲದೆ ಅದರೊಳಗಿನ ಪಾತ್ರವೇ ಆಗಿಬಿಡುವನು. ಕಥಾನಾಯಕನು ಆ ಲೋಕದ ಕನ್ಯೆಯೊಬ್ಬಳನ್ನು ಪ್ರೀತಿಸಿ, ಕನ್ನಡಕವನ್ನು ತೆಗೆದ ಮೇಲೂ ಅವಳನ್ನು ಮರೆಯಲಾರದೆ ಕೊರಗುವನು. ಮೂವತ್ತಮೂರನೆಯ ವಯಸ್ಸಿನಲ್ಲಿಯೇ, ಅದೇ ವರ್ಷದ ಕಡೆಯಲ್ಲಿ, ವೈನ್‌ಬಾಮನು ತೀರಿಕೊಂಡನು. ಅವನು ಕಂಡ ಕನಸು ಮಾತ್ರ ಉಳಿಯಿತು.

ಕನಸಿಗೆ ದೇಹವನ್ನು ಕೊಡುವ ಪ್ರಯತ್ನವು ೧೯೬೮ರಲ್ಲಿ ಕಾಣಬರುತ್ತದೆ. ಐವನ್ ಸದರ್ಲೆಂಡ್ ಎಂಬ ವಿಜ್ಞಾನಿಯು ತಲೆಗೆ ಧರಿಸುವ ದೃಶ್ಯಯಂತ್ರವೊಂದನ್ನು ರಚಿಸಿದನು. ಅದು ಛಾವಣಿಯಿಂದ ತೂಗುಬಿಟ್ಟ ಭಾರವಾದ ಉಪಕರಣ. ಅದರಲ್ಲಿ ಕಾಣುತ್ತಿದ್ದುವು ಬರಿಯ ರೇಖೆಗಳಿಂದಾದ ಆಕೃತಿಗಳು. ಆದರೂ ನೋಡುವವನು ತಲೆಯನ್ನು ತಿರುಗಿಸಿದಂತೆ ಆ ಆಕೃತಿಗಳೂ ತಿರುಗುತ್ತಿದ್ದುವು. ತರುವಾಯ ೧೯೭೮ರಲ್ಲಿ ಇಂಗ್ಲೆಂಡಿನ ಎಸ್ಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ‘ಮಡ್’ ಎಂಬ ಕಂಪ್ಯೂಟರ್ ಆಟವನ್ನು ಕಟ್ಟಿದರು. ಇದರಲ್ಲಿ ಚಿತ್ರವೊಂದೂ ಇರಲಿಲ್ಲ, ಎಲ್ಲವೂ ಅಕ್ಷರ. ಆದರೆ ಅನೇಕರು ಏಕಕಾಲದಲ್ಲಿ ಒಂದೇ ಕಲ್ಪಿತ ಭೂಮಿಯಲ್ಲಿ ಸಂಚರಿಸಿ, ಒಬ್ಬರನ್ನೊಬ್ಬರು ಸಂಧಿಸಿ ಮಾತನಾಡಬಹುದಾಗಿತ್ತು. ಸದರ್ಲೆಂಡನ ಯಂತ್ರವು ದೃಷ್ಟಿಯನ್ನು ಕೊಟ್ಟಿತು. ಈ ಹುಡುಗರ ಆಟವು ಸಹವಾಸವನ್ನು ಕೊಟ್ಟಿತು. ೧೯೮೧ರಲ್ಲಿ ವರ್ನರ್ ವಿಂಜ್ ಎಂಬ ಲೇಖಕನು ‘ಟ್ರೂ ನೇಮ್ಸ್’ ಎಂಬ ಕಥೆಯಲ್ಲಿ ಇಂತಹ ಲೋಕದ ಮಾಂತ್ರಿಕರನ್ನು ಚಿತ್ರಿಸಿ, ಅಲ್ಲಿ ವೇಷದ ಹೆಸರನ್ನು ಬಿಟ್ಟು ನಿಜನಾಮವು ಹೊರಬಿದ್ದರೆ ಒದಗುವ ವಿಪತ್ತನ್ನು ತೋರಿಸಿದನು. ೧೯೯೭ರಲ್ಲಿ ಹೊರಬಂದ ‘ಅಲ್ಟಿಮಾ ಆನ್‌ಲೈನ್’ ಮೊದಲಾದ ಆಟಗಳಲ್ಲಿ ಸಹಸ್ರಾರು ಜನರು ಮನೆ ಕಟ್ಟಿ, ವ್ಯಾಪಾರ ಮಾಡಿ, ಜಗಳವಾಡಿ, ಸ್ನೇಹ ಬೆಳೆಸತೊಡಗಿದರು.

ಇಂತಹ ಕಾಲದಲ್ಲಿ ರೆಕಿ ಕವಾಹರ ಎಂಬವರು ಲೇಖನಿಯನ್ನು ಹಿಡಿದರು. ೨೦೦೨ನೆಯ ಸಾಲಿನ ಒಂದು ಕಾದಂಬರೀ ಸ್ಪರ್ಧೆಗಾಗಿ ಅವರು ಬರೆದ ಕಥೆಯು ಗೊತ್ತುಮಾಡಿದ ಪುಟಗಳ ಮಿತಿಯನ್ನು ಮೀರಿತು. ಕಥೆಯನ್ನು ಕತ್ತರಿಸಲು ಮನಸ್ಸಿಲ್ಲದೆ, ಸ್ಪರ್ಧೆಗೆ ಕಳುಹಿಸದೆ, ಅವರು ಅದನ್ನು ಬೇರೊಂದು ಹೆಸರಿನಿಂದ ಅಂತರಜಾಲದಲ್ಲಿ ಪ್ರಕಟಿಸಿ ವರ್ಷಾನುವರ್ಷ ಬೆಳೆಸುತ್ತ ಬಂದರು. ೨೦೦೮ರಲ್ಲಿ ಅವರ ಮತ್ತೊಂದು ಕೃತಿಯಾದ ‘ಆಕ್ಸೆಲ್ ವರ್ಲ್ಡ್’ಗೆ ದೆಂಗೆಕಿ ಸಂಸ್ಥೆಯ ಮಹಾಬಹುಮಾನವು ದೊರೆಯಿತು. ಆ ಬಳಿಕ ಪ್ರಕಾಶಕರು ಹಳೆಯ ಕಥೆಯನ್ನೂ ಕೇಳಿ ಪಡೆದು, ೨೦೦೯ರ ಏಪ್ರಿಲಿನಲ್ಲಿ ಮೊದಲ ಸಂಪುಟವನ್ನು ಹೊರತಂದರು. ೨೦೧೨ರಲ್ಲಿ ಅದು ಚಲಿಸುವ ಚಿತ್ರಗಳ ಮಾಲೆಯಾಗಿ ಜಗತ್ತಿನಲ್ಲೆಲ್ಲ ಹರಡಿತು; ೨೦೧೪ರಿಂದ ಇಂಗ್ಲಿಷ್ ಭಾಷಾಂತರವೂ ಬರತೊಡಗಿತು. ಮಿತಿಯನ್ನು ಮೀರಿದುದರಿಂದ ಮೂಲೆಯನ್ನು ಸೇರಬೇಕಾಗಿದ್ದ ಹಸ್ತಪ್ರತಿಯು ಓದುಗರ ಆದರದಿಂದಲೇ ಏಳು ವರ್ಷ ಬದುಕಿ ಮುದ್ರಣವನ್ನು ಕಂಡಿತೆಂಬುದು ಸಾಹಿತ್ಯಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.

ಕಥಾವಸ್ತುವು ಇಂತಿದೆ. ೨೦೨೨ನೆಯ ಇಸವಿಯ ನವೆಂಬರ್ ೬ನೆಯ ದಿನ ಹತ್ತು ಸಾವಿರ ಮಂದಿ ‘ನರ್ವ್‌ಗಿಯರ್’ ಎಂಬ ಶಿರಸ್ತ್ರಾಣವನ್ನು ಧರಿಸಿ ಹೊಸ ಆಟವೊಂದನ್ನು ಪ್ರವೇಶಿಸುವರು. ಶರೀರವು ಹಾಸಿಗೆಯ ಮೇಲೆ ನಿಶ್ಚೇಷ್ಟಿತವಾಗಿ ಮಲಗಿರುವುದು. ಮನಸ್ಸು ಮಾತ್ರ ಐನ್‌ಕ್ರಾಡ್ ಎಂಬ, ನೂರು ಅಂತಸ್ತುಗಳುಳ್ಳ, ಆಕಾಶದಲ್ಲಿ ತೇಲುವ ಕೋಟೆಯಲ್ಲಿ ಸಂಚರಿಸುವುದು. ಸಂಜೆಯಾಗುತ್ತಲೇ ಆಟದಿಂದ ಹೊರಬರುವ ದ್ವಾರವೇ ಇಲ್ಲದಿರುವುದು ತಿಳಿದುಬರುವುದು. ನಿರ್ಮಾತೃವಾದ ಕಯಾಬ ಅಕಿಹಿಕೊ ಎಂಬವನು ಎಲ್ಲರನ್ನೂ ಒಂದೆಡೆ ಸೇರಿಸಿ ತನ್ನ ಶಾಸನವನ್ನು ಸಾರುವನು: ನೂರನೆಯ ಅಂತಸ್ತನ್ನು ಗೆದ್ದ ಹೊರತು ಯಾರಿಗೂ ಬಿಡುಗಡೆಯಿಲ್ಲ; ಆಟದಲ್ಲಿ ಸತ್ತವನ ಮಿದುಳನ್ನು ಶಿರಸ್ತ್ರಾಣವು ಸುಟ್ಟುಬಿಡುವುದು; ಹೊರಗಿನವರು ಅದನ್ನು ಕೀಳಲು ಯತ್ನಿಸಿದರೂ ಅದೇ ಗತಿ. ಮೊದಲ ತಿಂಗಳಿನಲ್ಲಿಯೇ ಎರಡು ಸಾವಿರ ಜನರು ಸಾಯುವರು. ಕಿರಿತೊ ಎಂಬ ಏಕಾಂಗಿ ಹುಡುಗನೂ ಅಸುನಾ ಎಂಬ ಕನ್ಯೆಯೂ ಎರಡು ವರ್ಷ ಹೋರಾಡಿ, ಎಪ್ಪತ್ತೈದನೆಯ ಅಂತಸ್ತಿನಲ್ಲಿ, ತಮ್ಮ ಪಡೆಗೆ ನಾಯಕನಾಗಿದ್ದವನೇ ವೇಷ ಮರೆಸಿದ ಕಯಾಬನೆಂಬುದನ್ನು ಕಂಡುಹಿಡಿಯುವರು. ೨೦೨೪ರ ನವೆಂಬರಿನಲ್ಲಿ ಆಟವು ಮುಗಿಯುವ ವೇಳೆಗೆ ಸುಮಾರು ನಾಲ್ಕು ಸಾವಿರ ಜನರು ಗತಿಸಿರುವರು.

ಈ ಸಾಹಸಕ್ಕಿಂತ ಎರಡನೆಯ ಸಂಪುಟದ ಉಪಕಥೆಗಳಲ್ಲಿ ಗ್ರಂಥಕರ್ತರ ಹೃದಯವು ಹೆಚ್ಚಾಗಿ ಕಾಣುವುದು. ಕಿರಿತೊ ತನ್ನ ಶಕ್ತಿಯನ್ನು ಮರೆಮಾಚಿ ದುರ್ಬಲರಾದ ಕೆಲವು ಗೆಳೆಯರ ಗುಂಪನ್ನು ಸೇರುವನು. ತಾನು ಅವರಂತೆಯೇ ಇರುವೆನೆಂಬ ಆ ಸಣ್ಣ ಸುಳ್ಳಿನಿಂದ ಅವನಿಗೆ ಸುಖವಾಗುವುದು. ಒಂದು ದಿನ ಅವರು ಅಪಾಯದ ಕೋಣೆಯನ್ನು ಹೊಕ್ಕಾಗ, ನಿಜವನ್ನು ಹೇಳದಿದ್ದುದರಿಂದ ಅವನ ಎಚ್ಚರಿಕೆಗೆ ಬೆಲೆ ಬಾರದೆ, ಅವನ ಕಣ್ಣೆದುರಿಗೇ ಎಲ್ಲರೂ ಸಾಯುವರು. ಹೊರಗಿದ್ದ ನಾಯಕನೊಬ್ಬನು ವಾರ್ತೆಯನ್ನು ಕೇಳಿ ಪ್ರಾಣವನ್ನು ಕಳೆದುಕೊಳ್ಳುವನು. ಕಲ್ಪಿತ ಲೋಕದಲ್ಲಿ ಆಡಿದ ಸುಳ್ಳಿಗೆ ಫಲವು ಕಲ್ಪಿತವಲ್ಲ. ಸಮಸ್ತ ಮಾಲೆಯ ಪ್ರಮೇಯವೇ ಇದು.

ಇದನ್ನು ಓದುವ ಸಂಸ್ಕೃತಜ್ಞರಿಗೆ ಯೋಗವಾಸಿಷ್ಠದ ಲವಣೋಪಾಖ್ಯಾನವು ನೆನಪಾಗದೆ ಇರದು. ಲವಣರಾಜನ ಆಸ್ಥಾನಕ್ಕೆ ಬಂದ ಐಂದ್ರಜಾಲಿಕನು ನವಿಲುಗರಿಯ ಕುಂಚವನ್ನು ಬೀಸುತ್ತಾನೆ. ರಾಜನು ಸಿಂಹಾಸನದ ಮೇಲೆಯೇ ಸ್ತಬ್ಧನಾಗುತ್ತಾನೆ. ಸಭಿಕರಿಗೆ ಕಳೆದದ್ದು ಅಲ್ಪಕಾಲ. ರಾಜನಿಗಾದರೋ ಒಂದು ಜನ್ಮವೇ ಕಳೆದಿದೆ. ಕುದುರೆಯು ಅವನನ್ನು ಕಾಡಿಗೆ ಒಯ್ದಿತು. ಹಸಿವಿನಿಂದ ಬಳಲಿದವನಿಗೆ ಚಂಡಾಲ ಕನ್ಯೆಯೊಬ್ಬಳು ಅನ್ನವಿತ್ತಳು. ಅವಳನ್ನು ವರಿಸಿ, ಮಕ್ಕಳನ್ನು ಪಡೆದು, ಮುದಿಯಾಗಿ, ಕ್ಷಾಮದಲ್ಲಿ ಹಸಿದ ಮಗುವಿಗಾಗಿ ಬೆಂಕಿಗೆ ಬೀಳಲು ಹೋದಾಗ ಎಚ್ಚರವಾಯಿತು. ಇಲ್ಲಿಗೆ ಕಥೆಯು ಮುಗಿದಿದ್ದರೆ ಮಾಯೆಯ ನಿರೂಪಣೆಯೊಂದೇ ಆಗುತ್ತಿತ್ತು. ಆದರೆ ರಾಜನು ಮರುದಿನ ವಿಂಧ್ಯದ ಆ ಕಾಡನ್ನು ಹುಡುಕಿಕೊಂಡು ಹೊರಡುತ್ತಾನೆ. ಅಲ್ಲಿ ಅದೇ ಹಳ್ಳಿಯಿದೆ; ಮಗಳನ್ನೂ ಮೊಮ್ಮಕ್ಕಳನ್ನೂ ಕ್ಷಾಮದಲ್ಲಿ ಕಳೆದುಕೊಂಡ ಮುದುಕಿಯು ಅಳುತ್ತಿದ್ದಾಳೆ. ರಾಜನು ಅವಳನ್ನು ಸಮಾಧಾನಪಡಿಸುತ್ತಾನೆ. ವಸಿಷ್ಠರು ಇದರಿಂದ ಮನಸ್ಸಿನ ಸಾಮರ್ಥ್ಯವನ್ನು ರಾಮನಿಗೆ ಬೋಧಿಸಿದರು. ಕಾವ್ಯದೃಷ್ಟಿಯಿಂದ ನೋಡುವವರಿಗೆ ಮತ್ತೊಂದು ಅರ್ಥವೂ ಹೊಳೆಯುವುದು: ಎಚ್ಚೆತ್ತವನಿಗೂ ಕನಸಿನ ಋಣವು ತೀರಿರುವುದಿಲ್ಲ. ಜಪಾನೀ ಗ್ರಂಥಕರ್ತರು ವಾಸಿಷ್ಠವನ್ನು ಓದಿದರೆಂದು ಹೇಳಲು ಆಧಾರವಿಲ್ಲ. ಅಂತಹ ಸಂಬಂಧವನ್ನು ಕಲ್ಪಿಸುವುದು ವ್ಯರ್ಥಾಭಿಮಾನ. ಒಂದೇ ಪ್ರಶ್ನೆಯು ಬೇರೆಬೇರೆ ಕಾಲದೇಶಗಳಲ್ಲಿ ಬೇರೆಬೇರೆ ವೇಷದಿಂದ ಬರುವುದೆಂದರೆ ಸಾಕು.

೨೦೧೧ರಲ್ಲಿ ಹೊರಬಂದ ಏಳನೆಯ ಸಂಪುಟವು ಈ ಋಣದ ವಿಚಾರವನ್ನು ಬಹು ಮೃದುವಾಗಿ ಹೇಳುತ್ತದೆ. ಮತ್ತೊಂದು ಆಟದಲ್ಲಿ ಯೂಕಿ ಎಂಬ ಅಜೇಯಳಾದ ಖಡ್ಗಧಾರಿಣಿಯೊಡನೆ ಅಸುನಾ ಸ್ನೇಹ ಬೆಳೆಸುವಳು. ಕಡೆಗೆ ತಿಳಿದುಬರುವುದೇನೆಂದರೆ, ಆ ಹುಡುಗಿಯು ಹುಟ್ಟಿದಾಗಲೇ ದೂಷಿತ ರಕ್ತದಿಂದ ಏಡ್ಸ್ ರೋಗದ ಸೋಂಕಿಗೆ ಗುರಿಯಾಗಿ, ತಂದೆತಾಯಿಗಳನ್ನೂ ಅವಳಿ ಸೋದರಿಯನ್ನೂ ಕಳೆದುಕೊಂಡು, ಮೂರು ವರ್ಷದಿಂದ ಆಸ್ಪತ್ರೆಯ ಯಂತ್ರಕ್ಕೆ ಜೋಡಿಸಲ್ಪಟ್ಟವಳು. ಅವಳಿಗೆ ಇರುವ ಲೋಕವೆಂದರೆ ಆಟದ ಲೋಕವೊಂದೇ. ಶಾಲೆಗೆ ಹೋಗಬೇಕೆಂಬುದು ಅವಳ ಆಸೆ. ಅಸುನಾ ತನ್ನ ಭುಜದ ಮೇಲೆ ಚಿಕ್ಕದೊಂದು ದೃಶ್ಯಯಂತ್ರವನ್ನು ಇಟ್ಟುಕೊಂಡು ತರಗತಿಗೆ ಹೋಗುವಳು, ಉಪಾಧ್ಯಾಯರು ಉಳಿದ ಮಕ್ಕಳಿಗೆ ಹೇಳುವಂತೆಯೇ ಯೂಕಿಗೂ ಪಾಠವನ್ನು ಓದಲು ಹೇಳುವರು, ಅವಳು ಓದುವಳು. ಪಾಠಶಾಲೆಯಲ್ಲಿ ಜೀವಮಾನವನ್ನು ಕಳೆದವರಾರೂ ಈ ಪ್ರಕರಣವನ್ನು ಒದ್ದೆಯಾಗದ ಕಣ್ಣುಗಳಿಂದ ಓದಲಾರರು. ಅಲ್ಲಿ ಕರುಣೆಯ ಪ್ರದರ್ಶನವಿಲ್ಲ; ಹಾಜರಿಯಲ್ಲಿ ಅವಳದೂ ಒಂದು ಹೆಸರು ಎಂಬಂತೆ ನಡೆದುಕೊಳ್ಳುವ ಸರಳತೆಯಿದೆ.

ಇದು ಕಥೆಯಲ್ಲಿ ಮಾತ್ರ ನಡೆಯುವುದೆನ್ನುವವರು ನಾರ್ವೆ ದೇಶದ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಸ್ನಾಯುಕ್ಷಯ ರೋಗದಿಂದ ಬಳಲುತ್ತಿದ್ದ ತರುಣನೊಬ್ಬನು ೨೦೧೪ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನು ದಿನದ ಬಹುಭಾಗವನ್ನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಕಳೆಯುತ್ತಿದ್ದನು. ಮಗನು ಗೆಳೆತನವನ್ನಾಗಲಿ ಪ್ರೀತಿಯನ್ನಾಗಲಿ ಅರಿಯದೆ ಹೋದನಲ್ಲಾ ಎಂದು ತಂದೆತಾಯಿಗಳು ದುಃಖಿಸಿದರು. ಮರಣವಾರ್ತೆಯನ್ನು ಅವರು ಪ್ರಕಟಿಸಿದೊಡನೆ ನಾನಾ ದೇಶಗಳಿಂದ ಪತ್ರಗಳು ಬರತೊಡಗಿದುವು. ಅವನು ತಮ್ಮ ಕಷ್ಟದಲ್ಲಿ ಕಿವಿಗೊಟ್ಟವನು, ಬುದ್ಧಿ ಹೇಳಿದವನು ಎಂದು ಜನರು ಬರೆದರು. ಕೆಲವರು ಅಂತ್ಯಕ್ರಿಯೆಗೂ ಬಂದರು. ಕೋಣೆಯ ಬಾಗಿಲ ಆಚೆ ಮಗನು ಒಂದು ಸಾರ್ಥಕ ಜೀವನವನ್ನು ನಡೆಸುತ್ತಿದ್ದುದು ಹೆತ್ತವರಿಗೆ ಅವನು ಹೋದ ಮೇಲೆ ತಿಳಿಯಿತು. ಕವಾಹರರ ಯೂಕಿಯು ಕಲ್ಪಿತಳು. ಈ ತರುಣನು ಕಲ್ಪಿತನಲ್ಲ.

೨೦೧೨ರಿಂದ ೨೦೧೬ರವರೆಗೆ ಪ್ರಕಟವಾದ ಒಂಬತ್ತರಿಂದ ಹದಿನೆಂಟರವರೆಗಿನ ಸಂಪುಟಗಳಲ್ಲಿ ಪ್ರಶ್ನೆಯು ಇನ್ನೂ ಆಳಕ್ಕೆ ಇಳಿಯುವುದು. ಇಲ್ಲಿ ನವಜಾತ ಶಿಶುಗಳ ಚೇತನವನ್ನು ಯಂತ್ರದಲ್ಲಿ ಪ್ರತಿಮಾಡಿ, ಕಲ್ಪಿತ ಭೂಮಿಯೊಂದರಲ್ಲಿ ಬೆಳೆಸಿ, ಕೃತಕ ಜನಾಂಗವನ್ನೇ ಸೃಷ್ಟಿಸುವರು. ಉದ್ದೇಶವು ಯುದ್ಧಕ್ಕೆ ಸೈನಿಕರನ್ನು ಒದಗಿಸುವುದು. ಈ ಜನರು ಸ್ವಭಾವತಃ ನಿಯಮವನ್ನು ಮೀರಲಾರರು. ಆಲಿಸ್ ಎಂಬ ಬಾಲಿಕೆಯ ಕೈಯು ನಿಷಿದ್ಧವಾದ ನೆಲವನ್ನು ಸೋಂಕಿದ ಮಾತ್ರಕ್ಕೆ ಅವಳನ್ನು ಸೆರೆಹಿಡಿದೊಯ್ಯುವರು. ಅವಳ ಗೆಳೆಯನು ಬಿಡಿಸಬೇಕೆಂದು ತವಕಿಸಿದರೂ ಕಾಲು ಮುಂದೆ ಬಾರದು. ವರ್ಷಗಳ ತರುವಾಯ, ನಿರಪರಾಧಿಗಳಾದ ಹುಡುಗಿಯರ ಮೇಲೆ ಬಲಾತ್ಕಾರವು ನಡೆಯುವುದನ್ನು ಕಂಡಾಗ, ಅದೇ ಗೆಳೆಯನು ತನ್ನ ಕಣ್ಣನ್ನೇ ಕಳೆದುಕೊಂಡು ನಿಯಮವನ್ನು ಮುರಿಯುವನು. ವಿಧಿಯನ್ನು ಪಾಲಿಸುವುದಕ್ಕೂ ಧರ್ಮವನ್ನು ಪಾಲಿಸುವುದಕ್ಕೂ ಭೇದವಿದೆಯೆಂಬುದು ಧರ್ಮಶಾಸ್ತ್ರಗಳನ್ನು ಓದಿದವರಿಗೆ ಹೊಸತಲ್ಲ. ಆದರೆ ಮನುಷ್ಯನು ನಿರ್ಮಿಸಿದ ಚೇತನಕ್ಕೂ ಆ ಭೇದವು ತಿಳಿಯುವುದಾದರೆ, ಅದನ್ನು ಆಯುಧದಂತೆ ಬಳಸಲು ನಿರ್ಮಿಸಿದವನಿಗೆ ಅಧಿಕಾರವುಂಟೆ? ಗ್ರಂಥಕರ್ತರು ಇಲ್ಲವೆಂಬ ಪಕ್ಷವನ್ನೇ ಹಿಡಿದಿರುವರು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ನಾಯಕನಿಗೆ ಸೋಲು ವಿರಳ; ಸಂಧಿಸಿದ ಹುಡುಗಿಯರೆಲ್ಲರೂ ಅವನಲ್ಲಿಯೇ ಅನುರಕ್ತರಾಗುವುದು ಸಹಜತೆಗೆ ದೂರ. ಮೂರು ನಾಲ್ಕನೆಯ ಸಂಪುಟಗಳಲ್ಲಿ, ಮೊದಲು ಧೀರಳಾಗಿದ್ದ ಅಸುನಾಳನ್ನು ಪಂಜರದಲ್ಲಿಟ್ಟು ರಕ್ಷಕನಿಗಾಗಿ ಕಾಯಿಸಿರುವುದು ಪಾತ್ರಕ್ಕೆ ಮಾಡಿದ ಅನ್ಯಾಯ. ಆಯುಧಗಳ ಮತ್ತು ಅಂಕಗಳ ವರ್ಣನೆಯಿಂದ ಕೆಲವೆಡೆ ರಸಭಂಗವಾಗುವುದು. ಇದಕ್ಕಿಂತ ಭಾರವಾದ ಆಕ್ಷೇಪವೆಂದರೆ, ಸಾವಿರಾರು ಜನರನ್ನು ಕೊಂದ ಕಯಾಬನನ್ನು ಗ್ರಂಥವು ಕೆಲವೊಮ್ಮೆ ದ್ವೇಷಕ್ಕಿಂತ ವಿಸ್ಮಯದಿಂದಲೇ ನೋಡುವುದು. ಆ ವಿಸ್ಮಯವು ಓದುಗರಿಗೂ ಅಂಟಬಲ್ಲುದು. ಕಥೆಯ ಆಟವು ಆರಂಭವಾದ ದಿನವೇ, ಅಂದರೆ ೨೦೨೨ರ ನವೆಂಬರ್ ೬ರಂದು, ‘ಆಕ್ಯುಲಸ್’ ದೃಶ್ಯಯಂತ್ರದ ನಿರ್ಮಾತೃವಾದ ಅಮೆರಿಕದ ಪಾಮರ್ ಲಕಿ ಎಂಬವರು, ಆಟದಲ್ಲಿ ಸೋತರೆ ಧರಿಸಿದವನನ್ನು ನಿಜವಾಗಿಯೂ ಕೊಲ್ಲುವಂತೆ ಸ್ಫೋಟಕಗಳನ್ನು ಅಳವಡಿಸಿದ ಶಿರಸ್ತ್ರಾಣವೊಂದನ್ನು ರಚಿಸಿರುವುದಾಗಿ ಪ್ರಕಟಿಸಿದರು. ಅದನ್ನು ತಲೆಗೆ ಧರಿಸುವ ಧೈರ್ಯವು ತಮಗಿನ್ನೂ ಬಂದಿಲ್ಲವೆಂದೂ ಅವರೇ ಹೇಳಿದರು. ಕಾವ್ಯವು ಎಚ್ಚರಿಸಲೆಂದು ತೋರಿಸಿದ ವಸ್ತುವನ್ನು ಜನರು ಅನುಕರಿಸಲೆಂದು ತೆಗೆದುಕೊಳ್ಳುವುದೂ ಉಂಟು.

ಆದುದರಿಂದಲೇ ಇಂತಹ ಗ್ರಂಥಗಳನ್ನು ಹಿರಿಯರು ಓದದೆ ಬಿಡುವುದು ಉಚಿತವಲ್ಲ. ತರುಣರು ಇವನ್ನು ಹೇಗೂ ಓದುತ್ತಾರೆ. ಕಯಾಬನ ಚಾತುರ್ಯವು ಅವರ ಮನಸ್ಸಿನಲ್ಲಿ ನಿಲ್ಲುವುದೋ, ಯೂಕಿಗೆ ಪಾಠ ಓದಲು ಹೇಳಿದ ಉಪಾಧ್ಯಾಯರ ಸೌಜನ್ಯವು ನಿಲ್ಲುವುದೋ ಎಂಬುದು, ಓದಿದ ಮೇಲೆ ಅವರೊಡನೆ ಕುಳಿತು ಮಾತನಾಡುವವರು ಮನೆಯಲ್ಲಿ ಇರುವರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಲವಣರಾಜನು ತಾನು ಕಂಡುದನ್ನು ಇಂದ್ರಜಾಲವೆಂದು ನಕ್ಕು ಸಿಂಹಾಸನದ ಮೇಲೆಯೇ ಕುಳಿತಿರಬಹುದಾಗಿತ್ತು. ಅವನು ಎದ್ದು ಹೋಗಿ ನೋಡಿದನು. ಅಲ್ಲಿ ಅಳುತ್ತಿದ್ದ ಮುದುಕಿಯೊಬ್ಬಳಿಗೆ ಅದರಿಂದ ಸಮಾಧಾನವಾಯಿತು.